ಕರಿಯ ಬಡಗಿಗೆ ಅತ್ತವರ ಮನೆಯಲ್ಲಿ

ನಮ್ಮ ಓದುಗರ ಬಳಗಕ್ಕೆ ಪುಸ್ತಕ ಒಂದು ನೆಪ, ನಿಜವಾದ ಕಾರ್ಯಕ್ರಮ ಕಾಫಿ. ತಿಂಗಳಿಗೊಂದು ಭಾನುವಾರ ವಿದ್ಯಾರಣ್ಯಪುರಂನಲ್ಲಿ, ನಿವೃತ್ತ ಲೆಕ್ಚರರ್ ಮೇಡಂ ಒಬ್ಬರ ಹಜಾರದಲ್ಲಿ ಸೇರುತ್ತೇವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮೇಡಂ ಕಾಫಿ ಅಷ್ಟು ಚೆನ್ನಾಗಿಲ್ಲದಿದ್ದರೆ ಸಾಹಿತ್ಯಕ್ಕೆ ಇಷ್ಟೊಂದು ಭಾನುವಾರ ಖಂಡಿತ ಕೊಡುತ್ತಿರಲಿಲ್ಲ.

ಆ ತಿಂಗಳು ಅಮೆರಿಕದ ಹಳೆಯ, ಹೆಸರಾಂತ ಕಾದಂಬರಿಯೊಂದರ ಅನುವಾದ ಓದಿದ್ದೆವು. ಅದರಲ್ಲೊಬ್ಬ ಕರಿಯ ಬಡಗಿ. ಊರಿನ ಬಿಳಿಯರ ಮನೆಗಳಿಗೆಲ್ಲ ಬಾಗಿಲು ಕೂರಿಸಿದವನು ಅವನೇ, ಆದರೆ ಒಂದು ಮನೆಗೂ ಮುಂಬಾಗಿಲಿನಿಂದ ಹೋಗುವಂತಿಲ್ಲ. ಕೊನೆಗೆ ಮಾಡದ ಕಳ್ಳತನಕ್ಕೆ ಜೈಲು ಸೇರಿ ಅಲ್ಲೇ ಸಾಯುತ್ತಾನೆ.

ಅಭಿಪ್ರಾಯಗಳ ಸುರಿಮಳೆ ಶುರುವಾಯಿತು. ನಿವೃತ್ತ ಬ್ಯಾಂಕ್ ಮ್ಯಾನೇಜರು ಜಾಮೀನಿಗೆ ಅರ್ಜಿ ಹಾಕದ ವಕೀಲನನ್ನು ಹಿಡಿದು ಝಾಡಿಸಿದರು. ಸಂಗೀತದ ಟೀಚರಿಗೆ, ಇಷ್ಟು ದಪ್ಪ ಪುಸ್ತಕದಲ್ಲಿ ಒಬ್ಬರೂ ನೆಟ್ಟಗೆ ಊಟ ಮಾಡುವುದಿಲ್ಲವಲ್ಲ ಎಂಬ ಸಂಕಟ. "ಏನೇ ಅನ್ನಿ, ನಮ್ಮ ದೇಶದಲ್ಲಿ ಬಣ್ಣ ಗಿಣ್ಣ ಎಲ್ಲಾ ನೋಡೋಲ್ಲ ಕಣ್ರೀ," ಎಂದರು ಮ್ಯಾನೇಜರು. ಅವರ ಮಗನಿಗೆ ಎಷ್ಟೋ ಕಾಲದಿಂದ ಹೆಣ್ಣು ಹುಡುಕುತ್ತಿದ್ದಾರೆ. ಹುಡುಗಿ ಬೆಳ್ಳಗಿರಬೇಕಂತೆ.

ಎಲ್ಲರಿಗಿಂತ ಹೆಚ್ಚು ಅತ್ತವರು ಮೇಡಂ. "ನಮ್ಮನೆಗೆ ಬಂದಿದ್ರೆ ಮುಂಬಾಗಿಲಲ್ಲೇ ಕರ್ಕೊಂಡು ಬಂದು ಇಲ್ಲೇ ಕೂರಿಸ್ತಿದ್ದೆ," ಎಂದು ಸೋಫಾ ತಟ್ಟಿದರು.

"ಅವನು ಹಂದಿ ತಿಂತಾನೆ ಮೇಡಂ," ಎಂದರು ಮ್ಯಾನೇಜರು.

ಮೇಡಂ ಕಣ್ಣೊರೆಸುತ್ತಿದ್ದ ಕೈ ಗಕ್ಕನೆ ನಿಂತಿತು. ಅವನನ್ನು ಹಜಾರದಲ್ಲಿ ಕೂರಿಸುವುದೋ ಜಗಲಿಯಲ್ಲೋ ಎಂಬ ಚರ್ಚೆ ಒಂದು ಸುತ್ತು ಕಾಫಿ ಮುಗಿಯುವವರೆಗೂ ನಡೆಯಿತು. ಅಂತೂ ಹೇಗಿದ್ದರೂ ಅವನು ಪುಸ್ತಕದೊಳಗಿನವನು, ಎಲ್ಲಿ ಕೂರಿಸಿದರೂ ಮೈಲಿಗೆಯಿಲ್ಲ ಎಂದು ತೀರ್ಮಾನವಾಗಿ ಮೇಡಂ ಮತ್ತೆ ಅತ್ತರು.

ಆ ಅಳು ಆರುವ ಮೊದಲೇ ನಾನು ಕೇಳಬೇಕಾದ್ದನ್ನು ಕೇಳಿಬಿಟ್ಟೆ. ಅವರ ಮನೆಯ ಹಿಂದಿನ ನೆಲಮಹಡಿಯ ಭಾಗ ಖಾಲಿಯಿತ್ತು. ನಾನೂ ನನ್ನ ಅವ್ವನೂ ಉದಯಗಿರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು, ಲಿಫ್ಟ್ ಇಲ್ಲ. ಮಂಡಿ ಕೈಕೊಟ್ಟ ಮೇಲೆ ಅವ್ವ ಕೆಳಗಿಳಿದೇ ಇರಲಿಲ್ಲ. ಬಾಲ್ಕನಿಯ ಸರಳು ಹಿಡಿದು, ಬೀದಿಯಲ್ಲಿ ಹೋಗುವ ಗಾಡಿಯವನಿಗೆ ಸೊಪ್ಪಿನ ಬೆಲೆ ಕೇಳಿ, ಕೊಳ್ಳದೆ ಬೈದು ಕಳಿಸುವುದಷ್ಟೇ ಅವಳಿಗೆ ಉಳಿದಿದ್ದ ಹೊರಗಿನ ಲೋಕ. ಒಂದು ನೆಲಮಹಡಿಯ ಮನೆಗಾಗಿ ನಾನು ತಿರುಗದ ಬೀದಿಯಿಲ್ಲ. ಎಲ್ಲ ಕಡೆಯೂ ಮೊದಲ ಪ್ರಶ್ನೆ, "ಮನೆದೇವರು ಯಾವುದು?" ನಾನು ಚಾಮುಂಡಿ ಎನ್ನುತ್ತಿದ್ದೆ. ಬೆಟ್ಟದ ತಾಯಿ ಎಲ್ಲರಿಗೂ ತಾಯಿ, ಆ ಉತ್ತರದಿಂದ ಯಾರಿಗೂ ಏನೂ ಗಿಟ್ಟುವುದಿಲ್ಲ. ಆಗ ಎರಡನೇ ಪ್ರಶ್ನೆ ಬರುತ್ತಿತ್ತು, "ನಾನ್‌ವೆಜ್ ಮಾಡ್ತೀರಾ?" ಅಲ್ಲಿಗೆ ಮನೆ ಕೈತಪ್ಪಿತು ಎಂದೇ ಲೆಕ್ಕ.

ನಾವು ದಲಿತರು, ನಂಜನಗೂಡಿನ ಕಡೆಯ ಹಳ್ಳಿಯವರು. ಬಳಗದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಮ್ಯಾನೇಜರು ಹುಟ್ಟುಹಬ್ಬಕ್ಕೆಂದು ಕೇಕ್ ತಂದಾಗ, ಮೊಟ್ಟೆ ಹಾಕಿದ್ದರೆ ನನಗೆ ಬೇಡ ಎಂದಿದ್ದೆ. ಮೊಟ್ಟೆ ತಿಂದರೆ ನನಗೆ ಮೈಯೆಲ್ಲ ದದ್ದು. ಕೋಳಿ ಮಾತ್ರ ಎಷ್ಟು ತಿಂದರೂ ಏನೂ ಆಗುವುದಿಲ್ಲ, ದೇವರ ದಯೆ. ಆದರೆ ಮೇಡಂ ಅಷ್ಟು ಕೇಳಿದ್ದೇ ನನ್ನ ಕೈ ಹಿಡಿದುಕೊಂಡು, "ನೀವೂ ನಮ್ಮ ಥರಾನೇ ಅಂತ ನಾನಂದ್ಕೊಂಡೇ ಇದ್ದೆ!" ಎಂದಿದ್ದರು. ಅಂದಿನಿಂದ ನನಗೆ ಎರಡನೇ ಲೋಟ ಕಾಫಿ ಕೇಳದೆಯೇ ಬರುತ್ತಿತ್ತು.

ಹಾಗಾಗಿ ಈಗ ಮನೆ ಕೇಳಿದ ಕೂಡಲೇ ಒಪ್ಪಿದರು. "ಅಯ್ಯೋ, ನಿಮಗಲ್ದೆ ಇನ್ಯಾರಿಗೆ ಕೊಡ್ಲಿ? ನಿಮ್ಮಂಥವ್ರು ಸಿಗೋದೇ ಕಷ್ಟ ಕಣ್ರೀ. ಮುಂದಿನ ಭಾನುವಾರ ಅಮ್ಮನ್ನ ಕರ್ಕೊಂಡು ಬಂದು ತೋರ್ಸಿ." ಆ ವಾರವೆಲ್ಲ ಬಳಗದ ವಾಟ್ಸಾಪಿನಲ್ಲಿ, ಬಡಗಿಯನ್ನು ನೆನೆದು ತಮಗೆ ನಿದ್ದೆ ಬರುತ್ತಿಲ್ಲ ಎಂದು ಬರೆಯುತ್ತಲೇ ಇದ್ದರು. ನನಗೂ ನಿದ್ದೆಯಿರಲಿಲ್ಲ, ಮನೆ ಸಿಕ್ಕ ಖುಷಿಗೆ.

ಭಾನುವಾರ ನಮ್ಮ ಕೆಳಗಿನ ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್‌ಗಳು ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಟ್ಟರು. ಆಟೋದಲ್ಲಿ ನಾನು ಪಾಠ ಹೇಳಿದ್ದೇ ಹೇಳಿದ್ದು. "ಅವ್ವ, ಅಲ್ಲಿ ಊಟದ ಮಾತು ಎತ್ತಬೇಡ. ದೇವರು ದಿಂಡರು ಏನಾದ್ರೂ ಮಾತಾಡು."

"ಊಂ," ಎಂದಳು.

ಮೇಡಂ ಗೇಟಿನವರೆಗೂ ಬಂದು ಅವಳ ಕೈ ಹಿಡಿದು ಕರೆದೊಯ್ದರು. ಹಿತ್ತಲಲ್ಲೊಂದು ಕರಿಬೇವಿನ ಗಿಡ. ಅವ್ವ ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತಳು. "ನೆಲ ಮುಟ್ಟಿ ಏಸು ದಿಸ ಆಗಿತ್ತು ಕಣವ್ವ," ಎನ್ನುತ್ತಾ ಅವಳ ಕಣ್ಣು ತುಂಬಿತು. ನನಗೂ ಅಳು ಒತ್ತರಿಸಿ ಬಂತು. ಕಾದಂಬರಿಗೆ ಬಾರದ ಅಳು.

ಮೇಡಂ ಬೆಳ್ಳಿಯ ಲೋಟದಲ್ಲಿ ಕಾಫಿ ತಂದು ಅಕ್ಕರೆಯಿಂದ ಕೇಳಿದರು. "ಮಂಡಿಗೆ ಏನು ತಗೋತಿದ್ದೀರಮ್ಮ?"

"ಮಾತ್ರೆ ಏನ್ ಮಾಡ್ತದೆ ಬುಡವ್ವ. ಭಾನ್ವಾರ ಭಾನ್ವಾರ ಕಾಲ್ ಸೂಪ್ ಕುಡುದ್ರೆ ಒಸಿ ವಾಸಿ. ಇಲ್ಲಿ ಇತ್ಲು ಎಷ್ಟು ಚೆಂದಾಗದೆ! ಮೂರು ಕಲ್ಲಿಟ್ಟು ಒಲೆ ಹೂಡುದ್ರೆ ಮೇಕೆ ಕಾಲು ಅಂಗೇ ಬೇಯ್ತಾ ಇರ್ತದೆ."

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಅವ್ವ ಬಾಯಿ ಬಿಟ್ಟಳು, ಬಣ್ಣಗೆಟ್ಟದ್ದು ಮೇಡಂ ಮುಖ. ಅವರು ನನ್ನನ್ನು ನೋಡಿದರು, ಅವ್ವನ ಕೈಯಲ್ಲಿದ್ದ ಲೋಟ ನೋಡಿದರು. "ಬೇಜಾರು ಮಾಡ್ಕೋಬೇಡಿ ಕಣ್ರೀ, ನನಗೇನೂ ಇಲ್ಲ. ನಮ್ಮ ಮನೆಯವರನ್ನ ಒಂದ್ಮಾತು ಕೇಳಿ ಹೇಳ್ತೀನಿ," ಎಂದರು.

ಅವರ ಮನೆಯವರು ನಾನು ಬಳಗ ಸೇರುವ ಮೊದಲಿನಿಂದಲೂ ಹಜಾರದ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದಾರೆ. ಪಾಪ, ಸತ್ತ ಮೇಲೂ ಆ ಮನುಷ್ಯನಿಗೆ ಇಂಥ ಕೆಲಸ.

ವಾಪಸು ಬರುವಾಗ ಆಟೋದಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. "ಅಷ್ಟು ಹೇಳಿದ್ನಲ್ಲವ್ವ! ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ಆ ಮನೆ ನಮ್ಮದಾಗ್ತಿತ್ತು!"

"ಗೊತ್ತಿದ್ದೇ ಅಂದೆ ಕಣೆ," ಎಂದಳು ಅವ್ವ, ಬೀದಿ ನೋಡುತ್ತಾ. "ಮಂಡಿ ನೋವ ಎಂಗೋ ತಡ್ಕೋತೀನಿ. ವಾಸ್ನೆ ಆಚೆ ಬಂದ್ಬುಟ್ಟೀತು ಅಂತ ಕಿಟಕಿ ಮುಚ್ಕೊಂಡು ಬದ್ಕಕ್ಕೆ ನನ್ ಕೈಲಾಗಲ್ಲ." ಆಟೋದವನಿಗೆ ಸಾವಕಾಶವಾಗಿ ಓಡಿಸುವಂತೆ ಹೇಳಿದಳು, ಸಿಗ್ನಲ್ಲಿನಲ್ಲಿ ಹೂ ಮಾರುವವಳೊಂದಿಗೆ ಚೌಕಾಸಿ ಮಾಡಿದಳು, ಎಲ್ಲ ಅಂಗಡಿಗಳನ್ನೂ ಒಂದೂ ಬಿಡದೆ ನೋಡಿದಳು.

ಮೆಕ್ಯಾನಿಕ್‌ಗಳು ಮತ್ತೆ ಕುರ್ಚಿ ಹಿಡಿದರು. ಅವತ್ತು ಮೇಲೆ ಹೋದ ಅವ್ವ ಇನ್ನೂ ಕೆಳಗಿಳಿದಿಲ್ಲ.