ಆಕ್ಷೇಪಣೆ ಅಣ್ಣನ ಹತ್ತು ದಿನದ ರಜೆ

ನಮ್ಮ ಬಸ್ ಡಿಪೋದ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವರು ಆಕ್ಷೇಪಣೆ ಅಣ್ಣ. ಇಪ್ಪತ್ತಾರು ವರ್ಷ ಒಂದೇ ಮೇಜು, ಒಂದೇ ಕೆಲಸ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳ ರಜೆ ಅರ್ಜಿ ಓದಿ, ಅದರಲ್ಲಿ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ವಾಪಸ್ ಕಳಿಸುವುದು. ಪಕ್ಕದ ಮೇಜಿನ ಟಪಾಲು ಗುಮಾಸ್ತ ನಾನು. ಬಂದ ಅರ್ಜಿಗೆ ಸೀಲು ಒತ್ತಿ ಅವರ ಕಡೆ ತಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಕೆಂಪಾಗಿ ನನ್ನ ಮೇಜಿಗೇ ಬಂದು ಬೀಳುತ್ತಿತ್ತು.

ಹಲ್ಲುನೋವು ಅಂತ ಬರೆದವನಿಗೆ, ‘ಯಾವ ಹಲ್ಲು?’ ತಂಗಿಯ ಮದುವೆ ಅಂತ ಬರೆದವನಿಗೆ, ‘ಕಳೆದ ವರ್ಷವೂ ಇದೇ ತಂಗಿಯೇ?’ ಹಾಗಂತ ಕೆಟ್ಟ ಮನುಷ್ಯರಲ್ಲ. ಕಾರಣ ಗಟ್ಟಿಯಾಗಿದ್ದರೆ ಮೂರು ಆಕ್ಷೇಪಣೆ ತಡೆದುಕೊಂಡು ನಿಲ್ಲುತ್ತೆ ಅನ್ನೋದು ಅವರ ಪ್ರಾಮಾಣಿಕ ನಂಬಿಕೆ. ತಾವು ಮಾತ್ರ ಒಂದು ದಿನವೂ ರಜೆ ಹಾಕಿದವರಲ್ಲ. ಅವರ ಮದುವೆ ಆದದ್ದು ಭಾನುವಾರ. ಜ್ವರ ಬಂದರೂ ಭಾನುವಾರವೇ ಬರುತ್ತಿತ್ತು.

ಅವರ ಜೀವ ಇದ್ದದ್ದು ಮನೆಯ ಮುಂದಿನ ಕಟ್ಟೆಯ ಮೇಲೆ. ಅಲ್ಲಿ ಅರವತ್ತೊಂದು ಮಣ್ಣಿನ ಕುಂಡಗಳು. ಎಲ್ಲವೂ ನೀರು ಬೇಡದ ಗಿಡಗಳು, ಎಲೆಯಲ್ಲೋ ಕಾಂಡದಲ್ಲೋ ತಾವೇ ನೀರು ತುಂಬಿಟ್ಟುಕೊಂಡು ಮಳೆಯ ಹಂಗಿಲ್ಲದೆ ಬದುಕುವ ಜಾತಿ. ಒಂದು ನೋಡಲು ಬೆಣಚುಕಲ್ಲಿನ ಹಾಗೆ. ವರ್ಷಕ್ಕೊಮ್ಮೆ ನಡುವೆ ಸೀಳಿ ಒಳಗಿಂದ ಇನ್ನೊಂದು ಕಲ್ಲು ಹುಟ್ಟುತ್ತಿತ್ತು. ಇನ್ನೊಂದು ಆನೆಯ ಪಾದದ ಹಾಗೆ ಸುಕ್ಕುಗಟ್ಟಿದ ಬುಡ್ಡೆ, ಅದರ ನೆತ್ತಿಯ ಮೇಲೆ ನಾಲ್ಕೇ ನಾಲ್ಕು ಎಲೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ದಿನವಿಡೀ ಸಣ್ಣದನ್ನು ದೊಡ್ಡದು ಮಾಡಿ ನೋಡಿದ ಕಣ್ಣು. "ಈ ಬುಡ್ಡೆ ನೋಡಿದಾಗಲೆಲ್ಲ ನಮ್ಮ ಸೋದರತ್ತೆಯ ಮೂಗು ನೆನಪಾಗುತ್ತೆ" ಅನ್ನುತ್ತಿದ್ದರು.

ಮಣ್ಣು ಕಡಿಮೆ, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಜಾಸ್ತಿ. ಬೆಳಿಗ್ಗೆ ಎದ್ದವರೇ ಅಣ್ಣ ಒಂದು ಕಡ್ಡಿಯನ್ನು ಪ್ರತಿ ಕುಂಡಕ್ಕೂ ಚುಚ್ಚಿ ತೆಗೆದು, ಒದ್ದೆ ಮಣ್ಣು ಅಂಟಿದೆಯಾ ಅಂತ ನೋಡುತ್ತಿದ್ದರು. ಅಂಟಿದ್ದರೆ ನೀರಿಲ್ಲ. ಅಂಟದಿದ್ದರೂ ಇನ್ನೊಂದು ವಾರ ನೀರಿಲ್ಲ. ಎಲೆ ಸೊರಗಿ ಸುಕ್ಕಾಗಿ, ಗಿಡ ತಾನಾಗಿ ಕೇಳಿದ ಮೇಲೆಯೇ ನೀರು. ಬಿಳಿ ಹಿಟ್ಟುತಿಗಣೆ ಹತ್ತಿದರೆ ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದು ಎಲೆಯನ್ನೂ ಒರೆಸುತ್ತಿದ್ದರು. ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ.

ಅರವತ್ತೊಂದರಲ್ಲಿ ಹಿರಿಯದು ಕತ್ತಾಳೆ ಜಾತಿಯ ಒಂದು ಅಪರೂಪದ ಗಿಡ. ನೀಲಿಬೂದು ಎಲೆ, ಅದರ ಮೇಲೆ ಸುಣ್ಣದಲ್ಲಿ ಎಳೆದಂಥ ಗೆರೆ, ತುದಿಯಲ್ಲಿ ಕಬ್ಬಿಣದಂಥ ಮುಳ್ಳು. ಸಸ್ಯತೋಟದ ಕಾವಲುಗಾರನೊಬ್ಬ ಕೆಲಸ ಬಿಟ್ಟು ಹೋಗುವಾಗ ಹೆಬ್ಬೆರಳಷ್ಟಿದ್ದ ಮರಿಯನ್ನು ಇವರ ಕೈಗೆ ಕೊಟ್ಟಿದ್ದನಂತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅದು ಡ್ರಮ್ಮಿನಷ್ಟು ಕುಂಡ ತುಂಬಿ ಕೂತಿತ್ತು. ಯಾರಾದರೂ "ಬೇಲಿ ಕತ್ತಾಳೆ ತಾನೇ?" ಅಂದರೆ ಅಣ್ಣನ ಮುಖ ಹುಳ್ಳಗಾಗುತ್ತಿತ್ತು. ಮನೆಯಲ್ಲಿ ಅದಕ್ಕೆ ದೊಡ್ಡೋರು ಅಂತಲೇ ಹೆಸರು.

ಒಂದು ಬೆಳಿಗ್ಗೆ ದೊಡ್ಡೋರ ನಡುವಿನಿಂದ ಮುಷ್ಟಿ ಗಾತ್ರದ ಮೊಳಕೆಯೊಂದು ತಲೆ ಎತ್ತಿತು. ಮರುದಿನ ಅದು ಗೇಣುದ್ದ. ಅದರ ಮರುದಿನ ಎರಡು ಗೇಣು. ಅಣ್ಣ ಅತ್ತಿಗೆಯನ್ನು ಕರೆದು ತೋರಿಸಿದರು.

"ಹೂ ಬಿಡುತ್ತೆ ಕಣೆ. ಜೀವಮಾನದಲ್ಲಿ ಒಂದೇ ಸಲ ಬಿಡೋದು. ಬಿಟ್ಟಮೇಲೆ ಹೋಗ್ಬಿಡುತ್ತೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಸಾಯುತ್ತೆ."

ಅತ್ತಿಗೆ ಬಗ್ಗಿ ಮೊಳಕೆಯನ್ನು ಹತ್ತಿರದಿಂದ ನೋಡಿದರು. "ಹಾಗಾದ್ರೆ ಇದು ಬಾಣಂತನಾನಾ, ಸಾವಾ?"

"ಎರಡೂ" ಅಂದರು ಅಣ್ಣ.

ಐದಾರು ವಾರದಲ್ಲಿ ಆ ದಂಟು ತೋಳಿನ ಗಾತ್ರವಾಗಿ, ಮಹಡಿಯ ಎತ್ತರಕ್ಕೆ ಬೆಳೆಯಿತು. ಮೊಗ್ಗುಗಳು ಗೊಂಚಲುಗಟ್ಟಿದ ದಿನ ಅಣ್ಣ ಕಚೇರಿಗೆ ಬಂದು, ನನ್ನ ಮುಂದೆ ಒಂದು ಅರ್ಜಿ ಇಟ್ಟು, "ಸೀಲು ಒತ್ತಪ್ಪ" ಅಂದರು. ನೋಡಿದರೆ ಅವರದೇ ಅರ್ಜಿ. ಹತ್ತು ದಿನದ ರಜೆ. ಕಾರಣ: ‘ನಮ್ಮ ಮನೆಯ ಹಿರಿಯರು ಹೂ ಬಿಡುತ್ತಿದ್ದು, ತದನಂತರ ತೀರಿಕೊಳ್ಳಲಿರುವುದರಿಂದ.’

ನಾನು ಸೀಲು ಒತ್ತಿ, ರೂಢಿಯಂತೆ ಅವರ ಕಡೆಗೇ ತಳ್ಳಿದೆ. ಅವರು ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಮೊದಲ ಸಲ ನೋಡುವವರಂತೆ ಅದನ್ನು ಎರಡು ಸಲ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದರು. ‘ಹಿರಿಯರ ಹೆಸರು ಅರ್ಜಿದಾರರ ಕುಟುಂಬದ ಪಟ್ಟಿಯಲ್ಲಿ ಕಂಡುಬರುವುದಿಲ್ಲ.’ ಅರ್ಜಿ ನನ್ನ ಮೇಜಿಗೆ ಬಂತು. ನಾನು ಅದನ್ನು ಅರ್ಜಿದಾರರಿಗೆ ಮರಳಿಸಿದೆ, ಅಂದರೆ ಮತ್ತೆ ಪಕ್ಕಕ್ಕೇ ತಳ್ಳಿದೆ. ಊಟದ ಹೊತ್ತಿನಲ್ಲಿ, ಕಚೇರಿಯ ಸಮಯ ಹಾಳಾಗದಂತೆ, ಅವರು ನೀಲಿ ಶಾಯಿಯಲ್ಲಿ ಉತ್ತರ ಬರೆದರು: ಇಪ್ಪತ್ತನಾಲ್ಕು ವರ್ಷದಿಂದ ಒಂದೇ ವಿಳಾಸದಲ್ಲಿ ವಾಸ. ಊಟ ಆದಮೇಲೆ ಕೆಂಪು ಶಾಯಿ: ‘ಸಾವಿನ ನಿಖರ ದಿನಾಂಕ ತಿಳಿಸಿಲ್ಲ.’ ಮರುದಿನ ನೀಲಿ, ಆಮೇಲೆ ಮತ್ತೆ ಕೆಂಪು: ‘ಹೂವನ್ನು ಭಾನುವಾರ ನೋಡಿದರೆ ಸಾಲದೇ?’

ಈ ಮೂರನೆಯದರ ಕೆಳಗೆ ನೀಲಿ ಶಾಯಿ ಬೀಳಲಿಲ್ಲ. ತಮಗೆ ತಾವೇ ಸೋತು, ಎರಡು ದಿನ ಊಟದ ಡಬ್ಬಿ ಬಿಚ್ಚದೆ ಕೂತಿದ್ದರು.

ಅಷ್ಟರಲ್ಲಿ ಅರ್ಜಿಯ ಸುದ್ದಿ ಡಿಪೋದಲ್ಲಿ ಹಬ್ಬಿತು. ಅಣ್ಣನ ಮನೆಯಲ್ಲಿ ದೊಡ್ಡೋರು ಹೋಗೋ ಹಾಗಿದ್ದಾರಂತೆ ಅಂತ ಕಂಡಕ್ಟರುಗಳು ಒಬ್ಬೊಬ್ಬರೇ ಬಂದು ಕೈ ಹಿಡಿದುಕೊಂಡರು. "ವಯಸ್ಸೆಷ್ಟಾಗಿತ್ತಣ್ಣ?" "ಇಪ್ಪತ್ತನಾಲ್ಕು." "ಅಯ್ಯೋ, ಇನ್ನೂ ಬಾಳಿ ಬದುಕಬೇಕಾದ ವಯಸ್ಸು." ಅಣ್ಣ ತಲೆಯಾಡಿಸಿದರು. ಅವರ ಜಾತಿಗೆ ಅದು ಪೂರ್ಣಾಯುಸ್ಸು ಅಂತ ವಿವರಿಸಲು ಹೋದರು. ಆಗ ಒಬ್ಬ ಕಂಡಕ್ಟರ್ ಕಣ್ಣೊರೆಸಿಕೊಂಡ.

ಕಡೆಗೆ ಮೇಲಧಿಕಾರಿ ಮೇಡಂ ಕರೆಸಿದರು. ಕಡತ ಕೊಂಡೊಯ್ಯುವ ನೆಪದಲ್ಲಿ ನಾನೂ ಒಳಗೆ ಹೋದೆ.

"ನಿಮ್ಮ ಖಾತೆಯಲ್ಲಿ ಬೇಕಾದಷ್ಟು ರಜೆ ಇದೆಯಲ್ರೀ. ಸ್ವಂತ ಕೆಲಸ ಅಂತ ಬರೆದು ಹೋಗಿ."

"ಸ್ವಂತ ಕೆಲಸ ಅಂತ ಬರೆದ ಎಷ್ಟೋ ಜನರ ಅರ್ಜಿ ವಾಪಸ್ ಕಳಿಸಿದ್ದೀನಿ ಮೇಡಂ. ಈಗ ನಾನೇ ಬರೆದ್ರೆ ಮುಖ ಎಲ್ಲಿಟ್ಕೊಳ್ಳಲಿ?"

"ಸರಿ, ಸ್ಥಳ ಪರಿಶೀಲನೆ ಅಂತ ಹಾಕ್ತೀನಿ. ಅರ್ಜಿದಾರ ಹೇಳಿದ್ದು ನಿಜವಾ ಅಂತ ಹೋಗಿ ನೋಡ್ಕೊಂಡು ಬನ್ನಿ. ಹತ್ತು ದಿನ ತಗೊಳ್ಳಿ."

"ಅರ್ಜಿದಾರ ನಾನೇ. ನನ್ನ ಪರವಾಗಿ ನಾನು ವರದಿ ಕೊಟ್ರೆ ಅದಕ್ಕೇ ಒಂದು ಆಕ್ಷೇಪಣೆ ಬರುತ್ತೆ."

"ಯಾರು ಹಾಕ್ತಾರೆ?"

"ನಾನೇ ಹಾಕಬೇಕಾಗುತ್ತೆ ಮೇಡಂ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ನಾನೇ ಬಂದು ನೋಡ್ತೀನಿ. ಗುರುವಾರ."

ಆದರೆ ಗುರುವಾರಕ್ಕೆ ಮುಂಚೆ ಇನ್ನೊಂದು ತೊಡಕು ಎದುರಾಯಿತು. ದೊಡ್ಡೋರ ಬುಡ ಇದ್ದದ್ದು ಅಣ್ಣನ ಕಟ್ಟೆಯಲ್ಲಿ. ಗೊಂಚಲು ಇದ್ದದ್ದು ಮಹಡಿ ಮನೆಯ ಬಾಲ್ಕನಿಯ ಎದುರಿಗೆ, ಕುರ್ಚಿ ಹಾಕಿ ಕೂತರೆ ಮುಖಕ್ಕೆ ಮುಖ ಬರುವಷ್ಟು ಹತ್ತಿರ. ಕೆಳಗಿನಿಂದ ಕತ್ತು ನೋಯುವಷ್ಟು ಎತ್ತಿ ನೋಡಿದರೂ ಅಣ್ಣನಿಗೆ ಕಾಣುತ್ತಿದ್ದದ್ದು ಹೂವಿನ ಅಡಿಭಾಗ ಮಾತ್ರ. ಇಪ್ಪತ್ತನಾಲ್ಕು ವರ್ಷ ಸಾಕಿದ್ದು ಕೆಳಮನೆ, ಹೂ ಬಿಟ್ಟದ್ದು ಮೇಲ್ಮನೆಗೆ.

ಮೇಲ್ಮನೆಯಲ್ಲಿದ್ದವರು ನಿವೃತ್ತ ಡ್ರಿಲ್ ಟೀಚರ್, ಗಂಡನನ್ನು ಕಳೆದುಕೊಂಡ ಗಟ್ಟಿ ಹೆಂಗಸು. ಆ ಮನೆಗೆ ಬಂದು ಒಂದು ವರ್ಷ ಆಗಿತ್ತಷ್ಟೆ. ಕುತ್ತಿಗೆಯಲ್ಲಿ ಈಗಲೂ ಸೀಟಿ. ಹಾರಿಬಿದ್ದ ಬಟ್ಟೆ ಮುಳ್ಳಿಗೆ ಸಿಕ್ಕಿ ಹರಿದಿದ್ದಕ್ಕೆ ಅಣ್ಣನೊಂದಿಗೆ ಮಾತು ಬಿಟ್ಟಿದ್ದರು. ಈಗ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಹಳದಿ ಮೊಗ್ಗುಗಳು ಬಿರಿಯುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಹೂವಿನ ಮೇಲೆ ಹಕ್ಕಿಗಳು ಮುಗಿಬಿದ್ದರೆ ಸೀಟಿ ಊದಿ ಸರದಿಯಲ್ಲಿ ಬರುವಂತೆ ಮಾಡುತ್ತಿದ್ದರಂತೆ. ಹಕ್ಕಿಗಳು ಕೇಳುತ್ತಿದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ.

ಬುಧವಾರ ಸಂಜೆ ಅಣ್ಣ ಅಂಗಿ ಬದಲಿಸಿ, ತಲೆ ಬಾಚಿ, ಮೆಟ್ಟಿಲು ಹತ್ತಿದರು. ಜೊತೆಗೆ ಅತ್ತಿಗೆ. ಮುಂದಿನದನ್ನು ಅತ್ತಿಗೆಯೇ ನನಗೆ ಹೇಳಿದ್ದು.

"ಹೂ ನೋಡ್ಬೇಕಿತ್ತು ಟೀಚರ್. ಒಂದು ಹತ್ತು ದಿನ, ನಿಮ್ಮ ಬಾಲ್ಕನಿಯಲ್ಲಿ."

"ಅರ್ಜಿ ಕೊಡಿ" ಅಂದರು ಟೀಚರ್.

ಅಣ್ಣ ತಮಾಷೆ ಅಂದುಕೊಂಡರು. ಟೀಚರ್ ಒಳಗೆ ಹೋಗಿ ಕಾಗದ, ಪೆನ್ನು ತಂದಿಟ್ಟರು. ಅಣ್ಣ ಬರೆದುಕೊಟ್ಟರು. ಟೀಚರ್ ಓದಿದರು.

"ಒಂದು ಹೂ ನೋಡೋಕೆ ಎಷ್ಟು ಹೊತ್ತು ಬೇಕು?"

"ಅದು ಹೇಗೆ ಹೇಳೋದು ಟೀಚರ್."

"ಹದಿಮೂರು ಸೆಕೆಂಡ್ ಸಾಕಾ?"

ಅಣ್ಣ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಬಣ್ಣ ಇಳಿದ ಮುಖದಲ್ಲಿ ಟೀಚರನ್ನೇ ನೋಡುತ್ತ ಕೂತರು. ಅವರಿಗೆ ನೆನಪಾಗಿತ್ತು.

ಟೀಚರ್ ಗಂಡ ನಮ್ಮ ಡಿಪೋದಲ್ಲೇ ಡ್ರೈವರ್ ಆಗಿದ್ದವರು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ದಿನದ ರಜೆ ಕೇಳಿದ್ದರು. ಕಾರಣ: ‘ಹೆಂಡತಿಯ ಓಟ ನೋಡಲು.’ ನೂರು ಮೀಟರ್ ಓಟ ಎಷ್ಟು ಹೊತ್ತಿನದು ಅಂತ ಅಣ್ಣ ಆಕ್ಷೇಪಣೆ ಹಾಕಿದರು. ಹದಿಮೂರು ಸೆಕೆಂಡ್ ಅಂತ ಡ್ರೈವರ್ ನಿಜವನ್ನೇ ಬರೆದರು. ‘ಹದಿಮೂರು ಸೆಕೆಂಡಿನ ಕೆಲಸಕ್ಕೆ ಒಂದು ದಿನದ ರಜೆ ಸಮರ್ಥನೀಯವಲ್ಲ.’ ಆ ಸಾಲು ಬರೆದ ದಿನ ಅಣ್ಣ ಅದನ್ನು ಇಡೀ ಕಚೇರಿಗೆ ಓದಿ ಹೇಳಿದ್ದರು. ನಾವೆಲ್ಲ ನಕ್ಕಿದ್ದೆವು. ನಾನೂ ನಕ್ಕಿದ್ದೆ.

"ಅವತ್ತು ನಾನೇ ಮೊದಲು ಬಂದೆ" ಅಂದರು ಟೀಚರ್, ಮಾಮೂಲಿ ದನಿಯಲ್ಲಿ. "ಅವರು ಆಗ ಬಸ್ ಓಡಿಸ್ತಾ ಇದ್ದರು. ಸಂಜೆ ಮನೆಗೆ ಬಂದವರು, ಹೇಗೆ ಓಡಿದೆ ತೋರಿಸು ಅಂದರು. ಅಡುಗೆಮನೆಯಿಂದ ಬಾಗಿಲವರೆಗೆ ಓಡಿ ತೋರಿಸಿದೆ. ಎಷ್ಟು ಓಡೋಕಾಗುತ್ತೆ, ಎಂಟು ಹೆಜ್ಜೆ."

ಅತ್ತಿಗೆ ಹೂವಿನ ಕಡೆ ನೋಡುತ್ತ ನಿಂತರು. ಕೊನೆಗೆ ಅಣ್ಣ ತಮ್ಮ ಅರ್ಜಿಯನ್ನು ಕೈಗೆ ತೆಗೆದುಕೊಂಡು, "ಇದನ್ನ ತಿರಸ್ಕರಿಸಿಬಿಡಿ ಟೀಚರ್. ಅದೇ ಸರಿ" ಅಂದು ಎದ್ದರು.

"ಕೂತ್ಕೊಳ್ರೀ" ಅಂದರು ಟೀಚರ್. "ತಿರಸ್ಕರಿಸೋದು ನಿಮ್ಮ ಕೆಲಸ, ನನ್ನದಲ್ಲ. ಬೆಳಿಗ್ಗೆ ಆರಕ್ಕೆ ಬನ್ನಿ. ತಡ ಮಾಡಿದ್ರೆ ಸೀಟಿ ಊದ್ತೀನಿ."

ಗುರುವಾರ ಮೇಡಂ ಪರಿಶೀಲನೆಗೆ ಬಂದಾಗ, ಮೂರು ಕುರ್ಚಿಗಳಲ್ಲಿ ಅಣ್ಣ, ಅತ್ತಿಗೆ, ಟೀಚರ್ ಸಾಲಾಗಿ ಕೂತಿದ್ದರು. ರಜೆ ಮಂಜೂರಾಗದೆ ಬಾಲ್ಕನಿಯಲ್ಲಿ ಕೂತಿದ್ದೇಕೆ ಅಂತ ಮೇಡಂ ಕೇಳುವ ಮುಂಚೆಯೇ ಅಣ್ಣ ಎದ್ದುನಿಂತು, ಇದು ಅನಧಿಕೃತ ಗೈರುಹಾಜರಿ ಅಂತ ಒಪ್ಪಿಕೊಂಡರು. ಟೀಚರ್ ನಾಲ್ಕನೆಯ ಕುರ್ಚಿ ತಂದರು. ಬಿಸಿಲು ಏರಿದ ಹಾಗೆ ಗೊಂಚಲುಗಳು ಒಂದೊಂದಾಗಿ ಬಿರಿದವು. ಜೇನು ತೊಟ್ಟಿಕ್ಕಿ ಮೇಡಂ ತಂದಿದ್ದ ಕಡತಕ್ಕೆ ಅಂಟಿತು. ಹನ್ನೊಂದು ಗಂಟೆಗೆ ಮೇಡಂಗೆ ಒಂದು ಸಭೆ ಇತ್ತು, ಎದ್ದದ್ದು ಒಂದೂವರೆಗೆ. ಎದ್ದವರು ಅಂಟಂಟಾದ ಅರ್ಜಿಯ ಮೇಲೆ ‘ಮಂಜೂರು ಮಾಡಿದೆ. ಕಾರಣ ಖುದ್ದಾಗಿ ನೋಡಿದ್ದೇನೆ’ ಅಂತ ಬರೆದು ಸಹಿ ಹಾಕಿದರು.

ಆ ಹತ್ತು ದಿನ ಅಣ್ಣನ ಮೇಜನ್ನು ನಾನೇ ನೋಡಿಕೊಂಡೆ. ಆಕ್ಷೇಪಣೆ ಹಾಕಲು ನನಗೆ ಬಾರದು. ಬಂದ ಅರ್ಜಿಯನ್ನೆಲ್ಲ ಮಂಜೂರಿಗೆ ಕಳಿಸಿದೆ. ಬಸ್ಸುಗಳೆಲ್ಲ ನಿಂತುಹೋಗುತ್ತವೆ ಅಂತ ಭಯ ಇತ್ತು. ಆಗಿದ್ದೇ ಬೇರೆ. ಮೊದಲ ದಿನ ಹದಿನೇಳು ಅರ್ಜಿ, ಎರಡನೆಯ ದಿನ ನಾಲ್ಕು, ನಾಲ್ಕನೆಯ ದಿನ ಒಂದೂ ಇಲ್ಲ. ಕೇಳಿದ ತಕ್ಷಣ ಸಿಗುವ ರಜೆಯಲ್ಲಿ ಏನೋ ಮೋಸ ಇರಬೇಕು ಅಂತ ಡ್ರೈವರುಗಳು ಮಾತಾಡಿಕೊಂಡರು. ಒಬ್ಬ ಬಂದು, "ನಂದಕ್ಕೆ ಒಂದಾದರೂ ಆಕ್ಷೇಪಣೆ ಹಾಕಿ ಸಾರ್, ಮನೆಯಲ್ಲಿ ನಂಬ್ತಿಲ್ಲ" ಅಂದ.

ದೊಡ್ಡೋರು ನಿಧಾನವಾಗಿ ಹೋದರು. ಎಲೆಗಳು ಒಂದೊಂದೇ ಬಾಗಿ, ಹಳದಿಯಾಗಿ, ಕಾಗದದಂತಾದವು. ಹೂ ಉದುರಿದ ಕಡೆಯೆಲ್ಲ ದಂಟಿನ ಮೇಲೇ ಬೆರಳುದ್ದದ ಮರಿಗಿಡಗಳು ಹುಟ್ಟಿದವು. ಅಣ್ಣ ಮುನ್ನೂರ ಹನ್ನೆರಡು ಎಣಿಸಿದರು. ಡಿಪೋದಲ್ಲಿ ಕೇಳಿದವರಿಗೆಲ್ಲ ಒಂದೊಂದು ಕೊಟ್ಟರು. ಕೊಡುವಾಗ ಮಾತ್ರ ಕಾರಣ ಕೇಳಲಿಲ್ಲ. ಒಣಗಿದ ದಂಟನ್ನು ಗರಗಸದಲ್ಲಿ ಕೊಯ್ಯುವ ದಿನ ಅಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತಿಗೆ ಹೊರಗಿನಿಂದ, "ಆಯ್ತು, ಬನ್ನಿ" ಅನ್ನುವವರೆಗೂ ಬರಲಿಲ್ಲ.

ಟೀಚರಿಗೂ ಒಂದು ಮರಿ ಕೊಟ್ಟರು, ಮರಳು, ಇಟ್ಟಿಗೆ ಚೂರು, ಕಡ್ಡಿ ಸಮೇತ. ಟೀಚರಿಗೆ ಶಿಸ್ತು ಜಾಸ್ತಿ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಚೊಂಬು ನೀರು. ಮೂರು ವಾರದಲ್ಲಿ ಗಿಡ ಬುಡದಿಂದ ಕೊಳೆಯಿತು. ಅಣ್ಣ ಎರಡನೆಯದು ಕೊಟ್ಟರು, ಅದೂ ಕೊಳೆಯಿತು. "ಬಾಯಾರಿದ್ದಕ್ಕೆ ನೀರು ಕೊಡಬೇಡಿ ಅಂದ್ರೆ ಹೇಗ್ರೀ?" ಅಂತ ಟೀಚರ್. "ಅದು ಇನ್ನೂ ಬಾಯಾರಿಲ್ಲ ಟೀಚರ್, ಕೇಳೋವರೆಗೂ ಕಾಯಿರಿ" ಅಂತ ಅಣ್ಣ. ಭಾನುವಾರ ಭಾನುವಾರ ಇದೇ ವಾದ. ಹೀಗೆ ಐದು ಹೋದವು. ಆರನೆಯದು ಮಾತ್ರ ಬದುಕಿ, ಇವತ್ತಿಗೆ ಅಂಗೈಯಷ್ಟಾಗಿದೆ. ಅದನ್ನು ಕೊಟ್ಟ ಮರುದಿನವೇ ಟೀಚರ್ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು, ಮೂರು ತಿಂಗಳು ತಂಗಿಯ ಮನೆಯಲ್ಲಿದ್ದರು. ಗಿಡವನ್ನು ಯಾರೂ ನೋಡಿಕೊಳ್ಳಲಿಲ್ಲ.