ಸ್ಟೀರಿಂಗ್ ಹಿಡಿದವರ ಟೆಸ್ಟೋಸ್ಟೆರಾನ್

ಜನವರಿ ಹನ್ನೆರಡು, ಭಾನುವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಇಚಲಕರಂಜಿಯಲ್ಲಿ ಕಾಕಾನ ಮನೆಯ ಮುಂದೆ ಜಗಳ ಶುರುವಾಯಿತು. ಕಾರು ಶುರುವಾದದ್ದು ಎಂಟೂವರೆಗೆ.

ಕಾಕಾನ ಹೆಂಡತಿ ಕಾಕುವಿಗೆ ಲೈಸೆನ್ಸ್ ಸಿಕ್ಕು ತಿಂಗಳಾಗಿತ್ತು. ಗಡಹಿಂಗ್ಲಜದ ಹತ್ತಿರ, ಕುರಿ ಸಾಕುವ ತನ್ನ ತವರಿನ ಅಂಗಳದಲ್ಲಿ ಅವ್ವನ ಎದುರು ಕಾರು ಓಡಿಸಬೇಕೆಂಬುದು ಅವಳ ಆಸೆ. ಕಾಕಾ ಚಾವಿ ಕೊಡಲಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಆತ ಹೊಸ ಶಬ್ದವೊಂದನ್ನು ಕಲಿತಿದ್ದ.

“ಗಾಡಿ ಹೊಡ್ಯಾಕ ಟೆಸ್ಟೋಸ್ಟೆರಾನ್ ಬೇಕ. ಗಂಡಸರ ಮೈಯಾಗ ಇರ್ತೈತಿ. ಧೈರ್ಯಾ, ಹಾದಿ ನೆನಪಾ, ಎಲ್ಲಾ ಅದರಿಂದನ.”

“ಹೆಂಗಸರ ಮೈಯಾಗೂ ಇರ್ತೈತಿ ಕಾಕಾ, ಕಡಿಮಿ ಅಷ್ಟ,” ಎಂದೆ. ಕೊಲ್ಹಾಪುರದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಓದುತ್ತೇನೆ.

“ಕಡಿಮಿ ಇದ್ದವರು ಹಿಂದ ಕುಂದರ್‍ರಿ.”

ಕಾಕುವಿನ ಜೊತೆ ಹಿಂದೆ ಕುಳಿತು, ಬೇರೆ ಕೆಲಸವಿಲ್ಲದೆ ಎಣಿಸತೊಡಗಿದೆ. ಸಂಕೇಶ್ವರದ ತನಕ ಹಾರ್ನ್ ನಲವತ್ತೊಂದು, ಬೈಗುಳ ಹದಿನೇಳು: ಹನ್ನೆರಡು ಮರಾಠಿ, ನಾಲ್ಕು ಕನ್ನಡ, ಒಂದು ಬರೀ ಗಂಟಲಿನ ಶಬ್ದ. ಅದು ಎಮ್ಮೆಗೆ.

ಸಂಕೇಶ್ವರದಲ್ಲಿ ಬಲಕ್ಕೆ ತಿರುಗಬೇಕಿತ್ತು. ಕಾಕಾ ನೇರ ಹೋದ.

“ಏನ್ರಿ, ಯಾರನ್ನರ ಕೇಳ್ರಿ,” ಎಂದಳು ಕಾಕು.

“ಕೇಳೂದೇನ ಐತಿ? ನನಗ ಗೊತ್ತೈತಿ!”

ಮುಂದಿನ ಟೋಲ್ ನಾಕಾದವರೆಗೂ ಆತನಿಗೆ ಗೊತ್ತಿತ್ತು.

ತವರು ತಲುಪಿದಾಗ ಹನ್ನೊಂದೂವರೆ. ಅಂಗಳದಲ್ಲಿ ಎರಡು ಟಗರುಗಳಿದ್ದವು. ಒಂದು ಗೂಟಕ್ಕೆ ಹಾಯ್ದಿತು, ಕಂಬಕ್ಕೆ ಹಾಯ್ದಿತು, ನಮ್ಮ ಬಂಪರಿಗೂ ಹಾಯ್ದಿತು. ಇನ್ನೊಂದು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

ಚಹಾ ಕುಡಿಯುತ್ತ ಕಾಕಾ ಅತ್ತೆಗೂ ಅದೇ ಪಾಠ ಒಪ್ಪಿಸಿದ. “ನೋಡ್ರಿ ಅತ್ತಿ, ಆ ಹಾಯೂ ಟಗರಿನಾಗ ಅದು ಭಾಳ ಐತಿ.”

“ಹೌದ್ರಿ ಅಳ್ಯಾರ,” ಎಂದಳು ಅಜ್ಜಿ, ಕಾಕುವಿನ ಅವ್ವ. ಮಲಗಿದ್ದರ ಕಡೆ ಕೈ ತೋರಿಸಿದಳು. “ಇದೂ ಹಂಗ ಇತ್ತ. ಕಂಡದ್ದಕ್ಕೆಲ್ಲಾ ಹಾಯೂದ. ಕಡೀಕ ಬೀಜಾ ಒಡಸಿದ್ವಿ, ಈಗ ಭಾಳ ಸಮಾಧಾನ ಐತಿ. ಬೀಜಾ ಒಡ್ಯಾಂವ ನಾಳೆ ಮತ್ತ ಬರಾಂವ ಅದಾನ, ಆ ಒಂದ ಟಗರಿನ ಸಲುವಾಗಿ.”

ಕಾಕು ಗಂಡನನ್ನೇ ನೋಡುತ್ತ ಹೇಳಿದಳು: “ಒಂದಕ್ಕ ಅಷ್ಟ ದೂರ ಬಂದ್ರ ಅಂವಗ ಹೆಂಗ ಗಿಟ್ಟತೈತಿ ಅವ್ವಾ? ಎರಡ ಇದ್ರ ಛಲೋ.”

ಕಾಕಾ ಚಹಾದ ಬಸಿ ಕೆಳಗಿಟ್ಟ. ಚಾವಿ ಜೇಬಿನಿಂದ ತಾನೇ ಹೊರಬಂತು.

ಕಾಕು ಅಂಗಳದಲ್ಲಿ ಮೂರು ಸುತ್ತು ಹೊಡೆದಳು. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. ಹಾಯುವ ಟಗರು ಗೋಡೆಗೆ ಅಂಟಿ ನಿಂತಿತು. ಸಂಜೆ ನನ್ನನ್ನು ಕೊಲ್ಹಾಪುರಕ್ಕೆ ಬಿಡಲು ಹೊರಟಾಗಲೂ ಸ್ಟೀರಿಂಗ್ ಅವಳದೇ.

ಇಲ್ಲಿಂದ ನನ್ನ ತೊಡಕು ಶುರು. ಮರಳುವ ದಾರಿಯಲ್ಲಿ ಹಾರ್ನ್ ನಲವತ್ತನಾಲ್ಕು, ಬೈಗುಳ ಹತ್ತೊಂಬತ್ತು. ಕೊಲ್ಹಾಪುರದ ತಿರುವು ಬಿಟ್ಟು ಕಾಕು ಪುಣೆಯ ಕಡೆ ನುಗ್ಗಿದಳು.

“ಯಾರನ್ನರ ಕೇಳ,” ಎಂದು ಕಾಕಾ ಹಿಂದಿನ ಸೀಟಿನಿಂದ ಮೆಲ್ಲಗೆ ಹೇಳಿದ.

“ಕೇಳೂದೇನ ಐತಿ? ನನಗ ಗೊತ್ತೈತಿ!”

ಕಾಕಾ ಸೀಟಿಗೆ ಒರಗಿದ. ಕಣ್ಣು ಅರ್ಧ ಮುಚ್ಚಿ, ಅತ್ತೆ ಕಟ್ಟಿಕೊಟ್ಟ ಶೇಂಗಾ ನಿಧಾನವಾಗಿ ಅಗಿಯುತ್ತ ಕುಳಿತ. ಅಂಥ ಸಮಾಧಾನವನ್ನು ಆ ದಿನ ನಾನು ಇನ್ನೊಂದೇ ಮುಖದ ಮೇಲೆ ಕಂಡಿದ್ದೆ.

ಒಂದೇ ದಿನದಲ್ಲಿ ಟೆಸ್ಟೋಸ್ಟೆರಾನ್ ಕಾಕುವಿನಲ್ಲಿ ಏರಿ ಕಾಕಾನಲ್ಲಿ ಇಳಿಯಿತೇ? ಅಥವಾ ಮೊದಲಿನಿಂದಲೂ ಸ್ಟೀರಿಂಗಿನಲ್ಲೇ ಇತ್ತೇ? ನನ್ನ ಪಠ್ಯಪುಸ್ತಕದಲ್ಲಿ ಸ್ಟೀರಿಂಗಿನ ಸುದ್ದಿಯೇ ಇಲ್ಲ. ಹೆಚ್ಚು ತಿಳಿದವರು, ಅಥವಾ ತಮ್ಮ ಮನೆಯ ಕಾರಿನಲ್ಲಿ ಹಿಂದೆ ಕುಳಿತು ಎಣಿಸಿದವರು, ದಯವಿಟ್ಟು ಬರೆದು ತಿಳಿಸಿ. ಬೈಗುಳಗಳನ್ನು ಭಾಷಾವಾರು ಬಿಡಿಸಿ ಬರೆದರೆ ಇನ್ನೂ ಉಪಕಾರ.