‘ನಂಗೇನೂ ಬೇಡ’ ಅನ್ನುವವರು

ಕಡಲತೀರಕ್ಕೆ ರಜೆ ಕಳೆಯಲು ಬರುವ ಪ್ರತಿ ಸಂಸಾರದಲ್ಲೂ ‘ನಂಗೇನೂ ಬೇಡ’ ಅನ್ನುವ ಅಮ್ಮ ಒಬ್ಬರು ಇದ್ದೇ ಇರುತ್ತಾರೆ. ಹೋಟೆಲಿಗೆ ಹೋದರೆ ಫ್ಯಾನಿನ ಕೆಳಗಿನ ಕುರ್ಚಿ ಗಂಡನಿಗೆ, ಸಮುದ್ರ ಕಾಣುವ ಕುರ್ಚಿಗಳು ಮಕ್ಕಳಿಗೆ, ಕೈ ತೊಳೆಯುವ ನಲ್ಲಿಗೆ ಮುಖ ಮಾಡಿದ್ದು ಇವರಿಗೆ. ಕನ್ನಡಕ ರೂಮಿನಲ್ಲೇ ಉಳಿದಿರುವುದರಿಂದ ಮೆನು ಕಾರ್ಡನ್ನು ಮುಟ್ಟುವುದಿಲ್ಲ. ಆದರೂ ಸಪ್ಲೈಯರ್‌ಗೆ ಹೇಳುವುದೆಲ್ಲ ಇವರೇ: “ಇವ್ರಿಗೆ ಖಾರ ಕಮ್ಮಿ, ದೊಡ್ಡೋಳಿಗೆ ಈರುಳ್ಳಿ ಬೇಡ, ಚಿಕ್ಕೋನ ಜ್ಯೂಸಿಗೆ ಐಸ್ ಹಾಕ್ಬಿಟ್ಟೀರ ಮತ್ತೆ!” “ನಿಮ್ಗೇನಮ್ಮಾ?” “ನಂಗೇನೂ ಬೇಡಪ್ಪ, ಇವರೆಲ್ಲ ಬಿಟ್ಟಿದ್ದೇ ಬೇಕಾದಷ್ಟಾಗುತ್ತೆ.” ಉಂಡ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಮೇಜನ್ನೂ ಒರೆಸಿಬಿಡುವುದರಿಂದ ಸಪ್ಲೈಯರ್‌ಗಳಿಗೆ ಇವರೆಂದರೆ ಪ್ರಾಣ. ಇಂಥ ಅಮ್ಮನೊಬ್ಬರು ನಾಲ್ಕು ದಿನ ನಮ್ಮ ಪಕ್ಕದ ಮೇಜಿನಲ್ಲಿದ್ದರು. ನಾಲ್ಕನೆಯ ಮಧ್ಯಾಹ್ನ ವಯಸ್ಸಾದ ಸಪ್ಲೈಯರ್ ಒಬ್ಬರು, ಯಾರೂ ಕೇಳದಿದ್ದರೂ, ಹುರಿದ ಇಡೀ ಮೀನೊಂದನ್ನು ತಂದು ಅವರ ಮುಂದಿಟ್ಟರು. “ಇದನ್ನ ಯಾರು ಹೇಳಿದ್ದು?” “ಯಾರೂ ಹೇಳಿಲ್ಲಮ್ಮ. ಮೂರು ದಿನದಿಂದ ಬೇರೆ ಟೇಬಲ್‌ಗೆ ಮೀನು ಹೋಗೋವಾಗೆಲ್ಲ ನೀವು ನೋಡ್ತಿದ್ರಲ್ಲ.” ಚಿಕ್ಕವನು ಅಭ್ಯಾಸಬಲದಿಂದ ಕೈ ಚಾಚಿದ. ಅಮ್ಮ ತಟ್ಟೆಗೆ ಮೊಣಕೈ ಅಡ್ಡ ಇಟ್ಟರು.